ಫಕ್ಕೀರಪ್ಪ ಹೆಣೆದ ವೈರಿನ ಜಡೆ

ಈಗಿನ ಹುಡುಗರು ಜನರೇಟರ್ ರಿಪೇರಿಗೆ ಬಂದರೆ ಮೊದಲು ಲ್ಯಾಪ್‌ಟಾಪ್ ತೆಗೆಯುತ್ತಾರೆ. ನಾವು ಮೊದಲು ಚಪ್ಪಲಿ ಬಿಡುತ್ತಿದ್ದೆವು. ನಮ್ಮ ಕಡೆ ಇಂಜಿನ್ ಕೋಣೆಯೆಂದರೆ ಅರ್ಧ ದೇವರ ಕೋಣೆ. ಗೋಡೆಗೊಂದು ಫೋಟೋ, ಅದರ ಮುಂದೆ ಊದಿನಕಡ್ಡಿ, ಅದರ ಕೆಳಗೆ ಡೀಸೆಲ್ ಡಬ್ಬಿ. ಕರೆಂಟಿನ ಕೆಲಸ ಮಾಡುವವನು ರಬ್ಬರ್ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುವುದು ಎಂಥ ದಡ್ಡತನ ಎಂಬುದು ನಮಗೂ ಗೊತ್ತಿತ್ತು. ಆದರೆ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದರೆ ಆಪರೇಟರ್ ನಟ್ಟು ತಿರುವುವ ಪಾನಾ ಕೂಡ ಕೊಡುತ್ತಿರಲಿಲ್ಲ, ಚಹಾ ಅಂತೂ ದೂರದ ಮಾತು. ನೀವು ದಯವಿಟ್ಟು ಬಿಡಬೇಡಿ. ನಾವು ಬದುಕಿ ಉಳಿದದ್ದು ಬುದ್ಧಿಯಿಂದಲ್ಲ.

ನಾನು ರಜಾಕ್, ಹಾವೇರಿ ಹತ್ತಿರದ ಕರ್ಜಗಿಯವನು. ಎಂಬತ್ತರ ದಶಕದಲ್ಲಿ ರಾಣೆಬೆನ್ನೂರಿನ ಒಂದು ಕಂಪನಿಗೆ ಎಲೆಕ್ಟ್ರಿಶಿಯನ್ ಆಗಿ ಸೇರಿದೆ. ಡೀಸೆಲ್ ಜನರೇಟರ್ ಮಾರುವುದು, ಕೂರಿಸುವುದು, ಕೆಟ್ಟರೆ ಓಡಿಹೋಗಿ ಸರಿ ಮಾಡುವುದು ನಮ್ಮ ಕಂಪನಿಯ ಕೆಲಸ. ಅಲ್ಲಿಯೇ ನಿವೃತ್ತನೂ ಆದೆ. ನಡುವೆ ಬಡ್ತಿಗಳು ಬಂದವು. ಅವುಗಳಿಂದ ಯಾರಿಗೂ ಕಲಿಯುವಂಥದ್ದು ಏನಿಲ್ಲ, ಬಿಟ್ಟುಬಿಡೋಣ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಹೇಳಬೇಕಾದ ಒಂದೆರಡು ಸಂಗತಿಗಳಿವೆ. ಅವನ್ನಷ್ಟೇ ಬರೆಯುತ್ತೇನೆ.

ನನ್ನ ಕೆಲಸವನ್ನು ಮನೆಯವರಿಗೆ ತಿಳಿಸಿ ಹೇಳುವುದೇ ಕಷ್ಟವಾಗಿತ್ತು. ಇಂಜಿನ್ ಬಿಚ್ಚಿ ಕಟ್ಟುವವನ ಕೈ ಕಪ್ಪಾಗಿರುತ್ತದೆ, ಜನ ನೋಡಿದ ಕೂಡಲೇ ಮರ್ಯಾದೆ ಕೊಡುತ್ತಾರೆ. ನನ್ನ ಕೈ ಸ್ವಚ್ಛ ಇರುತ್ತಿತ್ತು. ಸಂಜೆ ಮನೆಗೆ ಹೋದರೆ ಅಮ್ಮ ಕೈ ನೋಡಿ, "ಇವತ್ತೂ ಕೆಲಸ ಇರಲಿಲ್ಲೇನೋ?" ಎಂದು ಮರುಕಪಡುತ್ತಿದ್ದಳು. ಒಂದು ದಿನ ಕೂರಿಸಿಕೊಂಡು ಹೇಳಿದೆ. ಇಂಜಿನ್ನಿನ ಮೈ ಎಷ್ಟು ಕಾದಿದೆ, ಆಯಿಲ್ ಒತ್ತಡ ಎಷ್ಟಿದೆ, ಎಷ್ಟು ಜೋರು ತಿರುಗುತ್ತಿದೆ ಎಂದು ತಿಳಿಸುವ ಬಟನ್ನಿನಂಥ ಸಾಮಾನುಗಳು ಇಂಜಿನ್ನಿಗೆ ಇರುತ್ತವೆ, ಅವಕ್ಕೆ ಸೆನ್ಸರ್ ಅಂತಾರೆ, ಅವುಗಳಿಂದ ಮುಳ್ಳು, ದೀಪಗಳಿರುವ ಪ್ಯಾನಲ್ಲಿಗೆ ಸಣ್ಣ ವೈರು ಎಳೆಯುವುದು ನನ್ನ ಕೆಲಸ ಎಂದೆ. ಅಮ್ಮ ಸ್ವಲ್ಪ ಯೋಚಿಸಿ, "ಹಂಗಾರ ನರಾ ಜೋಡಸೂ ಕೆಲಸ ಅನ್ನು" ಎಂದಳು. ಅದಕ್ಕಿಂತ ಚೆನ್ನಾಗಿ ಆಮೇಲೆ ಯಾರೂ ನನಗೆ ಹೇಳಲಿಲ್ಲ.

ಈ ನರದ ತೊಂದರೆ ಏನೆಂದರೆ, ಸೆನ್ಸರಿನ ದನಿ ಬಹಳ ಸಣ್ಣದು. ಪಕ್ಕದಲ್ಲೇ ಜನರೇಟರಿನಿಂದ ಹೊರಡುವ ಹೆಬ್ಬೆರಳು ದಪ್ಪದ ಕೇಬಲ್ಲುಗಳಲ್ಲಿ ಕರೆಂಟು ಅಬ್ಬರಿಸಿಕೊಂಡು ಹರಿಯುತ್ತಿರುತ್ತದೆ. ಸಣ್ಣ ವೈರು ಆ ಅಬ್ಬರವನ್ನೂ ಮೈಮೇಲೆ ಎಳೆದುಕೊಳ್ಳುತ್ತದೆ. ಇದಕ್ಕೆ ನಾವು ನಾಯ್ಸ್ ಅನ್ನುತ್ತೇವೆ. ಪ್ಯಾನಲ್ಲಿಗೆ ಯಾವುದು ಇಂಜಿನ್ನಿನ ಮಾತು, ಯಾವುದು ನೆರೆಮನೆಯ ಗಲಾಟೆ ಎಂದು ತಿಳಿಯುವುದಿಲ್ಲ. ಎರಡನ್ನೂ ನಂಬಿಬಿಡುತ್ತದೆ. ಹಾಗಾಗಬಾರದೆಂದು ಸಣ್ಣ ವೈರಿನ ಸುತ್ತ ತಾಮ್ರದ ಜಾಳಿಗೆ ಹೊದಿಸಿರುತ್ತಾರೆ. ಅದು ಶೀಲ್ಡು; ಗಲಾಟೆಯನ್ನು ತಾನು ಹಿಡಿದು ನೆಲಕ್ಕೆ ಇಳಿಸುತ್ತದೆ.

ಇದನ್ನೆಲ್ಲ ನನಗೆ ಕಲಿಸಿದವರು ಕುಲಕರ್ಣಿ ಸಾಹೇಬರು. ಧಾರವಾಡದವರು, ನಮ್ಮ ಸರ್ವಿಸ್ ಇಂಜಿನಿಯರು. ತೆಳ್ಳಗಿನ ಆಸಾಮಿ, ಮೂಗಿನ ತುದಿಯಲ್ಲಿ ಸಿಟ್ಟು, ಮೂಗಿನೊಳಗೆ ನಶ್ಯ. ಅಂಗಿಯ ಕಿಸೆಯಲ್ಲಿ ಸದಾ ಒಂದು ಸಣ್ಣ ಟ್ರಾನ್ಸಿಸ್ಟರ್ ಇರುತ್ತಿತ್ತು. ಕ್ರಿಕೆಟ್ ಕಾಮೆಂಟ್ರಿ ಕೇಳಲು ಇಟ್ಟುಕೊಂಡಿದ್ದಾರೆ ಎಂದು ನಾವು ಕೆಲಸಗಾರರು ಹಿಂದಿನಿಂದ ನಗುತ್ತಿದ್ದೆವು.

ಒಮ್ಮೆ ರಾಣೆಬೆನ್ನೂರಿನ ಒಬ್ಬ ಗುತ್ತಿಗೆದಾರರು ತಮ್ಮ ಪೆಟ್ರೋಲ್ ಜೀಪಿಗೆ ರೇಡಿಯೋ ಹಾಕಿಸಿದ್ದರು. ಜೀಪು ನಿಂತಾಗ ಧಾರವಾಡ ಆಕಾಶವಾಣಿ ಸ್ವಚ್ಛ ಕೇಳುತ್ತಿತ್ತು. ಇಂಜಿನ್ ಶುರುವಾಯಿತೋ, ವಾರ್ತೆ ಓದುವವರ ಗಂಟಲಲ್ಲಿ ಮಂಡಕ್ಕಿ ಹುರಿದಂತೆ ಚಟಪಟ. ಆಕ್ಸಿಲರೇಟರ್ ತುಳಿದಷ್ಟೂ ಹೆಚ್ಚು ಹುರಿಯುತ್ತಿತ್ತು. ಸಾಹೇಬರು ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿಗೆಗಳನ್ನು ಬದಲಿಸಿ ಅದನ್ನು ಅಡಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ರಜಾಕ, ಆ ರೇಡಿಯೋಕ್ಕ ಬೈಬ್ಯಾಡ. ಅದು ಚಾಡೀ ಹೇಳಿತು ಅಷ್ಟ. ಎಲ್ಲೆಲ್ಲಿ ನಾಯ್ಸ್ ಅದ ಅಂತ ಚಾಡೀ ಹೇಳೋ ಇಂಥ ಗೆಳೆಯಾ ಕಿಸೇದಾಗ ಇದ್ರ, ನಮಗ ಬ್ಯಾರೆ ಮೀಟರ್ ಯಾಕ ಬೇಕು?"

ಆಗ ಗೊತ್ತಾಯಿತು ಟ್ರಾನ್ಸಿಸ್ಟರ್ ಕ್ರಿಕೆಟ್ಟಿಗಲ್ಲ ಎಂದು. ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ದನಿ ದೊಡ್ಡದು ಮಾಡಿ, ವೈರಿನ ಗುಂಟ ಹಿಡಿದುಕೊಂಡು ಹೋಗಬೇಕು. ಎಲ್ಲಿ ಚಟಪಟ ಜೋರಾಗುತ್ತದೋ ಅಲ್ಲಿ ಕಳ್ಳ ಇದ್ದಾನೆ. ಇವತ್ತು ನಿಮ್ಮ ಬಳಿ ಅಲೆಯನ್ನು ಬಣ್ಣಬಣ್ಣವಾಗಿ ತೋರಿಸುವ ಯಂತ್ರ ಇದೆ. ಒಳ್ಳೆಯದು, ನನಗೂ ಅದನ್ನು ಕಂಡರೆ ಆಸೆಯೇ. ಆದರೂ ಒಂದು ಹಳೆಯ ಟ್ರಾನ್ಸಿಸ್ಟರ್ ಚೀಲದಲ್ಲಿರಲಿ. ಬ್ಯಾಟರಿ ಮುಗಿದರೆ ಯಾವ ಅಂಗಡಿಯಲ್ಲೂ ಸಿಗುತ್ತದೆ.

ಇನ್ನೊಂದು ಪಾಠ ರಾಣೆಬೆನ್ನೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಸಿಕ್ಕಿತು. ಅಲ್ಲಿ ಇಂಜಿನ್ ತಣ್ಣಗಿದ್ದರೂ ಕಾವಿನ ಮುಳ್ಳು ಕುಣಿಯುತ್ತಿತ್ತು. ನಮ್ಮ ಕಡೆಯವರಿಗೆ ಅರ್ಥಿಂಗ್ ಎಂದರೆ ಬಲು ಭಕ್ತಿ. ಉಪ್ಪು ಇದ್ದಿಲು ಹಾಕಿ ಗುಂಡಿ ತೆಗೆಸಿ, ಬೇಸಿಗೆಯಲ್ಲಿ ಅದಕ್ಕೆ ದಿನಾ ನೀರು ಹಾಕುತ್ತಾರೆ. ಒಂದು ಅರ್ಥ್ ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು ಎಂದು ನಾವೆಲ್ಲ ನಂಬಿದ್ದೆವು. ಶೀಲ್ಡಿನ ಎರಡೂ ತುದಿಗಳನ್ನು ಗಟ್ಟಿಯಾಗಿ ಅರ್ಥ್‌ಗೆ ಬಿಗಿದಿದ್ದರು. ಸಾಹೇಬರು ಬಂದು ಇಂಜಿನ್ ಕಡೆಯ ತುದಿಯನ್ನು ಕಚಕ್ ಎಂದು ಕತ್ತರಿಸಿಬಿಟ್ಟರು. ಮಿಲ್ಲಿನ ಮಾಲೀಕರು "ಅಯ್ಯಯ್ಯ, ಅರ್ಥ್ ಕಿತ್ತಿದ್ರಲ್ರೀ!" ಎಂದು ತಮ್ಮದೇ ಬೆರಳು ಹೋದಂತೆ ಕೂಗಿಕೊಂಡರು. ಮುಳ್ಳು ಮಾತ್ರ ನಿಂತಲ್ಲೇ ನಿಂತಿತು.

"ಮಾಳಿಗೀ ಮನಿ ಮ್ಯಾಲೆ ನೀರು ಬಿದ್ರ ಒಂದು ಕಡೆ ಇಳಿಜಾರು ಮಾಡಿ ನೀರು ಹೊರಗ ಹೋಗಲಿಕ್ಕೆ ದೋಣಿ ಇಡ್ತಾರ," ಎಂದು ಸಾಹೇಬರು ನನಗೆ ತಿಳಿಸಿ ಹೇಳಿದರು. "ಇನ್ನೊಂದು ಕಡೆ ನೆರೆಯವರ ಎತ್ತರದ ಮಾಳಿಗೀಗೂ ದಾರಿ ತೆಗೆದು ಕೊಟ್ಟಿ ಅಂದ್ರ? ಅವರ ನೀರೂ ನಿನ್ನ ಮ್ಯಾಲೆ ಹರದು ಬರ್ತದ. ಶೀಲ್ಡಿಗೂ ಹಂಗ. ಒಂದ ತುದಿ ಸಾಕು."

ಇಷ್ಟು ತಿಳಿದರೆ ಮುಂದಿನ ಸಂಗತಿ ನಿಮಗೆ ಅರ್ಥವಾಗುತ್ತದೆ. ನನ್ನ ಇಡೀ ನೌಕರಿಯಲ್ಲಿ ಮರೆಯಲಾರದ ಕೇಸು ಅದೊಂದೇ.

ತೊಂಬತ್ತರ ದಶಕದ ಕೊನೆಯ ಕಡೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ತಂಪಿನಲ್ಲಿ ಇಡುವ ಕೋಲ್ಡ್ ಸ್ಟೋರೇಜುಗಳು ಏಳತೊಡಗಿದ್ದವು. ಹೊರಗಿನ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬ್ಯಾಡಗಿ ಕಾಯಿಯ ಕೆಂಪು ಬಣ್ಣ ಮಾಸುತ್ತದೆ; ತಂಪಿನಲ್ಲಿಟ್ಟರೆ ಹಾಗೇ ಉಳಿಯುತ್ತದೆ. ಕರೆಂಟು ಆಗ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಹಾಗಾಗಿ ಜನರೇಟರ್ ಬೇಕೇ ಬೇಕು. ಶಿವಲಿಂಗಪ್ಪ ಶೆಟ್ಟರು ಎಂಬ ವ್ಯಾಪಾರಿಗಳ ಕೋಲ್ಡ್ ಸ್ಟೋರೇಜಿಗೆ ನಮ್ಮ ಕಂಪನಿಯವರೇ ಜನರೇಟರ್ ಕೂರಿಸಿದ್ದರು.

ಬ್ಯಾಡಗಿ ಡ್ಯೂಟಿ ಬಂದರೆ ನನಗೆ ಖುಷಿ. ರಾಣೆಬೆನ್ನೂರಿನಿಂದ ಬೆಳಗಿನ ಬಸ್ಸು, ಇಳಿದ ಕೂಡಲೇ ಗಿರ್ಮಿಟ್ಟು ಮಿರ್ಚಿ, ಆಮೇಲೆ ಎರಡು ಕಡೆಯೂ ಕೆಂಪು ಚೀಲಗಳ ರಾಶಿಯ ನಡುವೆ ಸೀನುತ್ತ ಹೋಗುವುದು. ಊರಿನವರಿಗೆ ಸೀನು ಬರುತ್ತಿರಲಿಲ್ಲ. ಸೀನುವವನು ಪರವೂರಿನವನು ಎಂದು ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು. ನನ್ನ ಚೀಲದ ಮೂಲೆಗಳಲ್ಲಿ ಯಾವಾಗಲೂ ಕೆಂಪು ಪುಡಿ ಇರುತ್ತಿತ್ತು. ಬ್ಯಾಡಗಿಯಿಂದ ಬಂದ ದಿನ ಹೆಂಡತಿ ನನ್ನ ಅಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ಸೇರಿಸುತ್ತಿರಲಿಲ್ಲ. ಈಗಲೂ ಎಲ್ಲಾದರೂ ಒಣಮೆಣಸಿನಕಾಯಿ ಹುರಿದ ಘಾಟು ಬಂದರೆ ನನಗೆ ಅಡುಗೆಮನೆ ನೆನಪಾಗುವುದಿಲ್ಲ, ಆ ಜನರೇಟರ್ ಕೋಣೆ ನೆನಪಾಗುತ್ತದೆ.

ಆ ಕೋಣೆಯ ಆಪರೇಟರ್ ಫಕ್ಕೀರಪ್ಪ. ಕಾಗಿನೆಲೆಯವನು, ನನಗಿಂತ ಹಿರಿಯ. ನಾನು ಕಾಕಾ ಎನ್ನುತ್ತಿದ್ದೆ. ಇಲ್ಲಿಗೆ ಬರುವ ಮೊದಲು ಗುತ್ತಲದ ಒಂದು ಎಣ್ಣೆ ಗಿರಣಿಯಲ್ಲಿ ಹಳೆಯ ಕಾಲದ ದೊಡ್ಡ ಗಾಲಿಯ ಇಂಜಿನ್ ನಡೆಸುತ್ತಿದ್ದ. ಮಾತು ಕಡಿಮೆ. ಅವನ ಇಂಜಿನ್ನಿನ ಮೇಲೆ ಒಂದು ಹನಿ ಆಯಿಲ್ ನೋಡಲು ಸಿಗುತ್ತಿರಲಿಲ್ಲ. ಬೆಳಿಗ್ಗೆ ಬಂದವನೇ ಹೆಗಲ ಮೇಲಿನ ಟವೆಲ್ಲು ತೆಗೆದು ಮೊದಲು ಇಂಜಿನ್ ಒರೆಸಿ, ಆಮೇಲೆ ಅದೇ ಟವೆಲ್ಲಿನಿಂದ ತನ್ನ ಮುಖ ಒರೆಸಿಕೊಳ್ಳುತ್ತಿದ್ದ. ಮಕ್ಕಳ ಮದುವೆಗಳು ಬಾಕಿ ಇದ್ದವು, ಆ ವಯಸ್ಸಿನಲ್ಲಿ ಬೇರೆ ಕೆಲಸ ಸಿಗುವುದು ಸುಲಭವಿರಲಿಲ್ಲ. ಅದೂ ಅವನ ಮನಸ್ಸಿನಲ್ಲಿತ್ತು.

ದಸರೆ ಮುಗಿದು ಸ್ವಲ್ಪ ದಿನಕ್ಕೆ ಶೆಟ್ಟರ ಫೋನು ಬಂತು. ಕರೆಂಟು ಹೋಗುತ್ತದೆ, ಫಕ್ಕೀರಪ್ಪ ಜನರೇಟರ್ ಶುರು ಮಾಡುತ್ತಾನೆ, ಸರಿಯಾಗಿ ನಡೆಯುತ್ತದೆ. ತಂಪು ಮಾಡುವ ದೊಡ್ಡ ಕಂಪ್ರೆಸರ್ ಹಾಕಿದ ಕೂಡಲೇ ಪ್ಯಾನಲ್ಲಿನಲ್ಲಿ ಕೆಂಪು ದೀಪ ಹತ್ತಿ ಇಂಜಿನ್ ಬಂದ್. ಆ ದೀಪದ ಅರ್ಥ ಇಂಜಿನ್ ಮಿತಿ ಮೀರಿ ಜೋರು ತಿರುಗಿತು ಎಂದು. ಹಾಗೆ ತಿರುಗಿದರೆ ಇಂಜಿನ್ ಸಿಡಿದೇ ಹೋದೀತು ಎಂದು ಅದನ್ನು ತಾನಾಗಿಯೇ ನಿಲ್ಲಿಸುವ ವ್ಯವಸ್ಥೆ ಅದು.

ನಾನು ಹೋದಾಗ ಶೆಟ್ಟರು ಬಾಗಿಲಲ್ಲೇ ನಿಂತಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಒಳಗೆ ಇಡೀ ಊರಿನವರು ನಂಬಿ ಇಟ್ಟ ಮೆಣಸಿನಕಾಯಿ ಇತ್ತು, ಜನ ದಿನಾ ಬಂದು ಕೇಳುತ್ತಿದ್ದರು. ಅವರಿಗೆ ಒಬ್ಬ ತಪ್ಪಿತಸ್ಥ ಬೇಕಾಗಿತ್ತು.

"ನೋಡಪಾ ರಜಾಕ, ಇದು ಇಂಜಿನ್ ದೋಷ ಅಲ್ಲ. ಈ ಫಕ್ಕೀರಪ್ಪನ ಕೈಚಾಳಿ. ಗಿರಣ್ಯಾಗ ಹಳೇ ಇಂಜಿನ್ ತಿರುವಿ ತಿರುವಿ ರೂಢಿ ಆಗೈತಿ. ಸ್ಪೀಡಿನ ಸ್ಕ್ರೂ ತಿರುವ್ಯಾನ. ಖರೇ ಹೇಳು ಅಂದ್ರ ಇಲ್ಲ ಅಂತಾನ. ದೀಪಾವಳಿ ಪೂಜಾಕ್ಕ ಇಲ್ಲಿ ಬ್ಯಾರೆ ಆಪರೇಟರ್ ನಿಲ್ಲತಾನ, ಹೇಳಿಬಿಟ್ಟೇನಿ."

ಫಕ್ಕೀರಪ್ಪ ಇಂಜಿನ್ನಿನ ಆಚೆ ಬದಿಗೆ ನಿಂತಿದ್ದ. "ನಾ ಸ್ಕ್ರೂ ಮುಟ್ಟಿಲ್ರಿ" ಎಂದ. ಅಷ್ಟೇ. ಶೆಟ್ಟರು, "ಮುಟ್ಟಿಲ್ಲಾಂದ್ರ ಆ ದೀಪ ಸುಳ್ಳ ಹತ್ತತೈತೇನು?" ಎಂದರು. ನಾನು ಚೀಲ ಬಿಚ್ಚಿ ಸಾಮಾನು ತೆಗೆದೆ.

ವೇಗ ಅಳೆಯುವ ಸೆನ್ಸರ್ ಇಂಜಿನ್ನಿನ ದೊಡ್ಡ ಹಲ್ಲಿನ ಗಾಲಿಯ ಎದುರು ಕೂತು ಹಲ್ಲು ಎಣಿಸುತ್ತದೆ. ನಾನು ಆ ಸೆನ್ಸರ್ ಬದಲಿಸಿದೆ. ಪ್ಯಾನಲ್ಲಿನ ಒಳಗಿನ ಎಲೆಕ್ಟ್ರಾನಿಕ್ ಕಾರ್ಡೂ ಬದಲಿಸಿದೆ. ಕಂಪ್ರೆಸರ್ ಹಾಕಿದರೆ ಮತ್ತೆ ಅದೇ ದೀಪ. ಶೆಟ್ಟರು ನನ್ನನ್ನು ನೋಡಲಿಲ್ಲ, ಫಕ್ಕೀರಪ್ಪನನ್ನು ನೋಡಿದರು. ಕೆಲಸ ಬಾರದಿದ್ದದ್ದು ನನಗೆ, ಬೈಸಿಕೊಂಡದ್ದು ಅವನು. ವಾಪಸು ಬಸ್ಸಿನಲ್ಲಿ ಕೂತು ನನಗೆ ಬಹಳ ಸಂಕಟವಾಯಿತು. ಕುಲಕರ್ಣಿ ಸಾಹೇಬರನ್ನು ಕರೆದುಕೊಂಡು ಬರದೆ ಆ ಕೋಣೆಗೆ ಕಾಲಿಡುವುದಿಲ್ಲ ಎಂದುಕೊಂಡೆ.

ಸಾಹೇಬರು ಬಂದರು. ಬ್ಯಾಡಗಿಯ ಘಾಟಿಗೆ ನಶ್ಯ ಸೋತುಹೋಯಿತು. ಬಸ್ ಸ್ಟ್ಯಾಂಡಿನಿಂದ ಕೋಲ್ಡ್ ಸ್ಟೋರೇಜಿನ ತನಕ ಸೀನುತ್ತಲೇ ಬಂದರು. ಬಂದವರೇ ಯಾರ ಮಾತೂ ಕೇಳದೆ ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರ್ ತೆಗೆದರು. ಅದಕ್ಕೆ ವೈರಿಲ್ಲ, ಕಾರ್ಡಿಲ್ಲ. ತಿರುಗುವ ಶಾಫ್ಟಿನ ತುದಿಗೆ ಒತ್ತಿ ಹಿಡಿದರೆ ಮುಳ್ಳು ವೇಗ ತೋರಿಸುತ್ತದೆ. ಶೆಟ್ಟರ ಕೈಗೇ ಅದನ್ನು ಕೊಟ್ಟು, "ಇದನ್ನ ನೀವ ಹಿಡಕೋರಿ, ಮುಳ್ಳಿನ ಮ್ಯಾಲೆ ಕಣ್ಣಿಡ್ರಿ" ಎಂದರು. ಕಂಪ್ರೆಸರ್ ಹಾಕಿಸಿದರು. ಕೆಂಪು ದೀಪ ಹತ್ತಿತು, ಇಂಜಿನ್ ನಿಂತಿತು.

"ಮುಳ್ಳು ಮ್ಯಾಲೆ ಹೋತೇನ್ರಿ, ಶೆಟ್ರ?"

"ಇಲ್ರಿ. ಇದ್ದಲ್ಲೇ ಇತ್ತು. ಆಮ್ಯಾಲೆ ಕೆಳಗ ಬಂತು."

"ಅಂದಮ್ಯಾಲೆ ಇಂಜಿನ್ ಓಡಿಲ್ಲ. ಓಡಿತು ಅಂತ ಪ್ಯಾನಲ್ ತಿಳಕೊಂಡದ. ಸ್ಕ್ರೂ ಯಾರೂ ಮುಟ್ಟಿಲ್ಲ."

ಫಕ್ಕೀರಪ್ಪ ಗೋಡೆಗೆ ಒರಗಿಕೊಂಡ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ನಾನೂ ಒಳಗೊಳಗೇ ಕುಣಿದೆ. ಆದರೆ ಕೆಲಸ ಇನ್ನೂ ಮುಗಿದಿರಲಿಲ್ಲ.

ಸಾಹೇಬರು ಟ್ರಾನ್ಸಿಸ್ಟರ್ ನನ್ನ ಕೈಗೆ ಕೊಟ್ಟರು. ಮತ್ತೆ ಇಂಜಿನ್ ಶುರು ಮಾಡಿಸಿ, ಕಂಪ್ರೆಸರ್ ಹಾಕಿಸುತ್ತಾ, ಬಂದ್ ಆದಾಗಲೆಲ್ಲ ಮತ್ತೆ ಶುರು ಮಾಡಿಸುತ್ತಾ, ನಾನು ಸೆನ್ಸರಿನ ವೈರಿನ ಗುಂಟ ನಡೆದೆ. ಇಂಜಿನ್ನಿನ ಬುಡದಲ್ಲಿ ಸಣ್ಣ ಸದ್ದು. ಪ್ಯಾನಲ್ಲಿನ ಹತ್ತಿರವೂ ಸಣ್ಣದೇ. ನಡುವೆ, ಜನರೇಟರಿನ ಬದಿಯಲ್ಲಿ, ಟ್ರಾನ್ಸಿಸ್ಟರ್ ಒಮ್ಮೆಲೇ ಅರಚಿಕೊಂಡಿತು.

ಹಿಂದಿನ ಸಲ ನಾನು ವೈರಿನ ಎರಡು ತುದಿಗಳನ್ನಷ್ಟೇ ನೋಡಿದ್ದೆ, ನಡುವೆ ಬಗ್ಗಿ ನೋಡಿರಲಿಲ್ಲ. ಅಲ್ಲಿ ಒಂದು ಜಡೆ ಇತ್ತು. ಸುಳ್ಳಲ್ಲ, ಜಡೆಯೇ. ಜನರೇಟರಿನ ದಪ್ಪ ಕೇಬಲ್ಲುಗಳನ್ನೂ ಸೆನ್ಸರಿನ ಸಣ್ಣ ವೈರುಗಳನ್ನೂ ಒಟ್ಟು ಸೇರಿಸಿ, ಹೆಣ್ಣುಮಕ್ಕಳ ತಲೆಯಂತೆ ನೀಟಾಗಿ ಹೆಣೆದು, ಅಲ್ಲಲ್ಲಿ ಕೆಂಪು ನೂಲಿನಿಂದ ಕಟ್ಟಿದ್ದರು. ನೋಡಲು ಅಷ್ಟು ಚೆಂದದ ವೈರಿಂಗನ್ನು ನಾನು ಹುಬ್ಬಳ್ಳಿಯಲ್ಲೂ ನೋಡಿರಲಿಲ್ಲ. ಕಂಪ್ರೆಸರ್ ಎದ್ದಾಗ ದಪ್ಪ ಕೇಬಲ್ಲಿನಲ್ಲಿ ಹರಿಯುವ ಅಬ್ಬರವೆಲ್ಲ ಪಕ್ಕದಲ್ಲೇ ಹೆಣೆದುಕೊಂಡಿದ್ದ ಸಣ್ಣ ವೈರಿಗೆ ಇಳಿಯುತ್ತಿತ್ತು. ಪ್ಯಾನಲ್ಲು ಆ ಗಲಾಟೆಯನ್ನೂ ಗಾಲಿಯ ಹಲ್ಲುಗಳೆಂದು ಎಣಿಸಿ ಹೆದರಿಕೊಳ್ಳುತ್ತಿತ್ತು.

"ಇದನ್ನ ಯಾರು ಹೆಣದವರು?" ಎಂದರು ಸಾಹೇಬರು.

ಫಕ್ಕೀರಪ್ಪ ಸುಮ್ಮನಿದ್ದಿದ್ದರೆ ನಮ್ಮ ಕಂಪನಿಯವರ ಕೆಲಸ ಎಂದು ಎಲ್ಲರೂ ತಿಳಿದುಕೊಳ್ಳುತ್ತಿದ್ದರು. ಅವನು ಮುಂದೆ ಬಂದ.

"ನಾನರೀ. ಖಂಡೇ ಪೂಜಾಕ್ಕ ಹೆಣದಿದ್ದೆ. ವೈರು ಜೋತಾಡತಿದ್ದುವು. ಹಬ್ಬದ ದಿನ ಚೆಂದ ಕಾಣ್ಲಿ ಅಂತ."

ಗೊತ್ತಿಲ್ಲದವರಿಗೆ ಹೇಳಬೇಕು. ಖಂಡೇ ಪೂಜೆ ಎಂದರೆ ನಮ್ಮ ಕಡೆಯ ಆಯುಧ ಪೂಜೆ. ಆ ದಿನ ಇಂಜಿನ್ನಿಗೆ ಎಣ್ಣೆನೀರು ಹಾಕಿದಂತೆ ತೊಳೆದು ಒರೆಸಿ, ಬಣ್ಣ ಬಳಿದು, ಚೆಂಡು ಹೂವು ಕಟ್ಟುತ್ತಾರೆ. ಫಕ್ಕೀರಪ್ಪ ಬಣ್ಣವನ್ನೂ ಬಳಿದಿದ್ದ. ಶೀಲ್ಡನ್ನು ಅರ್ಥ್‌ಗೆ ಬಿಗಿದ ಸಣ್ಣ ಸ್ಕ್ರೂ ಬಿಚ್ಚಿ, ಅದರ ಕೆಳಗೂ ಹಸಿರು ಬಣ್ಣ ಹಚ್ಚಿ, ಒಣಗಿದ ಮೇಲೆ ಸ್ಕ್ರೂವಿಗೂ ಹಚ್ಚಿ ಮತ್ತೆ ಬಿಗಿದಿದ್ದ. ಬಣ್ಣವನ್ನು ಕರೆಂಟು ದಾಟುವುದಿಲ್ಲ, ಅದರ ಮೇಲೆ ಕೂತ ಶೀಲ್ಡು ಇದ್ದೂ ಇಲ್ಲದಂತೆ. ದೋಣಿಗೆ ಇಳಿಜಾರೇ ಇರಲಿಲ್ಲ. ಇಷ್ಟು ಪ್ರೀತಿಯಿಂದ ಇಂಜಿನ್ ಕೆಡಿಸಿದವರನ್ನು ನಾನು ಮತ್ತೆ ನೋಡಿಲ್ಲ.

ಶೆಟ್ಟರು ದನಿ ಎತ್ತಿದರು. "ನಾ ಹೇಳಲಿಲ್ಲೇನ್ರಿ? ಸ್ಕ್ರೂ ಅಲ್ಲಾಂದ್ರ ವೈರು. ಒಟ್ಟಿನ್ಯಾಗ ಇವನ ಕೈ. ಫಕ್ಕೀರಪ್ಪಾ, ನಾಳಿಯಿಂದ ಬರಬ್ಯಾಡ."

ಕುಲಕರ್ಣಿ ಸಾಹೇಬರಿಗೆ ಸಿಟ್ಟು ಬಂದಾಗ ಮಾತು ನಿಧಾನವಾಗುತ್ತಿತ್ತು. ಅವತ್ತು ಬಹಳ ನಿಧಾನವಾಗಿತ್ತು.

"ಶೆಟ್ರ, ಒಂದು ಮಾತು. ಈ ವೈರನ್ನ ನಾವು ಕಬ್ಬಿಣದ ಕೊಳವ್ಯಾಗ ಹಾಕಿ ಬ್ಯಾರೆ ದಾರೀಲೆ ಒಯ್ಯಬೇಕಾಗಿತ್ತು. ನಾವು ಜೋತಾಡಿಸಿ ಬಿಟ್ಟು ಹೋದಿವಿ. ಇದು ಇಂಥ ವೈರು, ಇದನ್ನ ಕೂಡಿಸಿ ಕಟ್ಟಬಾರದು ಅಂತ ಇವರಿಗೆ ಒಬ್ಬರೂ ಹೇಳಲಿಲ್ಲ. ಮನುಷ್ಯಾ ನೀಟ ಮಾಡಿದ್ರ ಕೆಡ್ತದ ಅಂದ್ರ, ಅಂಥ ವೈರಿಂಗ್ ಮಾಡಿದವರದ ತಪ್ಪು. ನಮ್ಮ ಕಂಪನಿ ತಪ್ಪು. ಬೈಯೋದಿದ್ರ ನನಗ ಬೈರಿ. ಇವರ್ನ ತೆಗಿಬ್ಯಾಡ್ರಿ."

ಒಬ್ಬ ಇಂಜಿನಿಯರು ಗಿರಾಕಿಯ ಎದುರು "ನಮ್ಮ ತಪ್ಪು" ಎಂದದ್ದನ್ನು ನಾನು ಮೊದಲ ಸಲ ಕೇಳಿದೆ. ಆಮೇಲೂ ಹೆಚ್ಚು ಕೇಳಿಲ್ಲ. ಅದಕ್ಕಾಗಿ ಅವರು ರಾಣೆಬೆನ್ನೂರಿನ ಆಫೀಸಿನಲ್ಲಿ ಬೈಗಳು ತಿಂದರು, ತಲೆ ಕೆಡಿಸಿಕೊಳ್ಳಲಿಲ್ಲ. ಹುಡುಗರೇ, ಶೀಲ್ಡಿಂಗ್ ಯಾರು ಬೇಕಾದರೂ ಕಲಿಸುತ್ತಾರೆ. ಇದನ್ನು ನಾನು ಅವರಿಂದಲೇ ಕಲಿತೆ.

ಅವತ್ತು ಜಡೆ ಬಿಚ್ಚಿದೆವು. ಫಕ್ಕೀರಪ್ಪ ತಾನೇ ಬಿಚ್ಚಿದ, ನೂಲು ಹರಿಯದಂತೆ. ಸೆನ್ಸರಿಗೆ ಒಂದರ ಮೇಲೊಂದು ಸುತ್ತಿಕೊಂಡ ಜೋಡಿ ವೈರಿನ ಹೊಸ ಶೀಲ್ಡ್ ಕೇಬಲ್ ಎಳೆದು, ಕಬ್ಬಿಣದ ಕೊಳವೆಯಲ್ಲಿ ಹಾಕಿ, ಗೋಡೆಯ ಬದಿಯಿಂದ ಬೇರೆಯೇ ದಾರಿಯಲ್ಲಿ ಪ್ಯಾನಲ್ಲಿಗೆ ಒಯ್ದೆವು. ದಪ್ಪ ಕೇಬಲ್ಲನ್ನು ದಾಟಲೇಬೇಕಾದ ಒಂದು ಕಡೆ ಅಡ್ಡಡ್ಡ ದಾಟಿಸಿದೆವು, ಜೊತೆಜೊತೆ ಓಡಿಸಲಿಲ್ಲ. ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಪ್ಯಾನಲ್ ಕಡೆ ಒಂದೇ ತುದಿಯಲ್ಲಿ ಶೀಲ್ಡನ್ನು ಬಿಗಿದೆವು. ಕಂಪ್ರೆಸರ್ ಹಾಕಿದರು. ಇಂಜಿನ್ ಒಮ್ಮೆ ಹೊರೆ ಹೊತ್ತವರಂತೆ ಉಸಿರೆಳೆದು, ನಡೆಯುತ್ತಲೇ ಹೋಯಿತು. ದೀಪ ಹತ್ತಲಿಲ್ಲ.

ಶೆಟ್ಟರು ಕರಗಿದರು. "ಇರ್ಲಿ ಬಿಡ್ರಿ, ಇರ್ಲಿ" ಎಂದರು. ಆದರೆ ಹೊರಡುವಾಗ ಫಕ್ಕೀರಪ್ಪನಿಗೆ ಒಂದು ಮಾತು ಹೇಳಿದರು: "ಶುರು ಮಾಡು, ಬಂದ್ ಮಾಡು. ಇನ್ನ ಮ್ಯಾಲೆ ಇಂಜಿನ್ ಮಾತ್ರ ಮುಟ್ಟಬ್ಯಾಡ." ಅವರು ಸಹಜವಾಗಿ ಹೇಳಿದರು, ನಾವೂ ಸಹಜವಾಗಿ ಕೇಳಿಸಿಕೊಂಡೆವು. ನೌಕರಿ ಉಳಿಯಿತಲ್ಲ ಎಂದು ಸಾಹೇಬರೂ ನಾನೂ ಬಸ್ಸಿನ ತನಕ ಮಾತಾಡಿಕೊಂಡು ನಡೆದೆವು.

ಮುಂದಿನ ಸರ್ವಿಸ್ಸಿಗೆ ಹೋಗುವಷ್ಟರಲ್ಲಿ ಊರಿಗೆ ಹೊಸ ಬೆಳೆಯ ಮೆಣಸಿನಕಾಯಿ ಬರತೊಡಗಿತ್ತು. ಜನರೇಟರ್ ಕೋಣೆಗೆ ಹೋಗಿ ನೋಡಿದರೆ ನನಗೆ ಗುರುತೇ ಸಿಗಲಿಲ್ಲ. ಹಸಿರು ಬಣ್ಣದ ಮೇಲೆ ಕೆಂಪು ಧೂಳು ಒಂದು ಪದರ ಕೂತಿತ್ತು. ಡೀಸೆಲ್ ಪೈಪಿನ ಬುಡದಲ್ಲಿ ಜಿಡ್ಡು. ಫಕ್ಕೀರಪ್ಪ ಬಾಗಿಲ ಹೊರಗೆ ಒಂದು ಸ್ಟೂಲಿನ ಮೇಲೆ ಕೂತಿದ್ದ, ಬೇರೆಯವರ ಮನೆಯ ಅಂಗಳದಲ್ಲಿ ಕೂತಂತೆ.

"ಕಾಕಾ, ಏನಿದು? ಒರಸೂದು ಬಿಟ್ಟೀರೇನು?"

"ಮುಟ್ಟಬ್ಯಾಡ ಅಂದಾರ ಶೆಟ್ರು."

"ಅವರು ವೈರಿಗೆ ಅಂದಿದ್ದು, ಕಾಕಾ."

"ನನಗ ಯಾವ ವೈರು ಯಾವುದು ಗೊತ್ತಾಗೂದಿಲ್ಲ ತಮ್ಮಾ. ಚೆಂದ ಮಾಡಾಕ ಹೋದೆ, ಕೆಡಿಸಿದೆ. ಊರ ಮಂದಿ ಕಾಯಿ ಕೆಡತಿತ್ತು. ಇನ್ನ ನನ್ನ ಕೈ ನನಗ ನಂಬಿಕಿ ಇಲ್ಲ."

ನಾವು ಸೆನ್ಸರಿಗೆ ಕೊಳವೆ ಹಾಕಿ ಗೆದ್ದೆವು ಎಂದು ಬಸ್ಸು ಹತ್ತಿದ್ದೆವು. ಈ ಮನುಷ್ಯ ಅವತ್ತಿನಿಂದ ದಿನಾ ಬಂದು, ಗುಂಡಿ ಒತ್ತಿ, ಹೊರಗೆ ಕೂತಿದ್ದ. ಆಯಿಲ್ ಕಡ್ಡಿ ಎಳೆದು ನೋಡಿದೆ, ಮಟ್ಟ ಕೆಳಗಿತ್ತು. ಅದನ್ನು ನೋಡುವುದೂ ಮುಟ್ಟುವುದೇ ಎಂದು ಅವನು ತಿಳಿದಿದ್ದ.

ಶೆಟ್ಟರ ಬಳಿ ಹೋಗಿ ಹೇಳಿದೆ. ಅವರು ಗಾಬರಿಯಾದರು. "ಅಯ್ಯ, ನಾ ಏನೋ ಸಿಟ್ಟಿನ್ಯಾಗ ಅಂದೆ. ಮುಟ್ಟು ಅಂತ ಹೇಳು ಮಾರಾಯಾ" ಎಂದು ನನ್ನ ಜೊತೆಗೇ ಎರಡು ಚಹಾ ಕಳಿಸಿದರು. ಬಂದು ಹೇಳಿದೆ. ಅವನು "ಹೂಂ" ಎಂದ, ಏಳಲಿಲ್ಲ. ನಾನು ಪೇಂಟಿನ ಡಬ್ಬಿ ಹುಡುಕಿ ತಂದು ಸೆನ್ಸರಿನ ಕೊಳವೆಗೆ ಉದ್ದಕ್ಕೂ ಕೆಂಪು ಬಳಿದೆ. ಕೈ ಹಿಡಿದು ಒಳಗೆ ಕರೆತಂದೆ. "ಕಾಕಾ, ನೋಡ್ರಿ. ಈ ಕೆಂಪು ಕೊಳವಿ ಒಂದು ಬಿಟ್ಟು ಉಳಿದದ್ದೆಲ್ಲಾ ನಿಮ್ಮದು. ತೊಳೀರಿ, ಒರಸ್ರಿ, ಹೂವು ಕಟ್ರಿ. ಏನೂ ಕೆಡೂದಿಲ್ಲ. ನನ್ನ ಮ್ಯಾಲೆ ಆಣಿ." ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೊಳವೆಯನ್ನು ನೋಡಿದ, ತಲೆಯಾಡಿಸಿದ, ಮತ್ತೆ ಹೋಗಿ ಸ್ಟೂಲಿನ ಮೇಲೆ ಕೂತ.

ನಾನು ನನ್ನ ಕೆಲಸಕ್ಕೆ ತಿರುಗಿದೆ. ಆಯಿಲ್ ಹಾಕಿದೆ, ಫಿಲ್ಟರ್ ಬದಲಿಸಿದೆ, ಕೈ ಒರೆಸಿದ ಬಟ್ಟೆಯನ್ನು ಚೀಲದ ಮೇಲೆ ಎಸೆದೆ. ಕೆಲಸದ ನಡುವೆ ಆರಿಹೋಗುತ್ತಿದ್ದ ಚಹಾ ನೆನಪಾಗಿ ಒಂದು ಗುಟುಕು ಕುಡಿದು, ಪಾನಾ ಹುಡುಕಲು ಎರಡೂ ಕೈ ಬೇಕಾಗಿ, ಗ್ಲಾಸನ್ನು ಇಂಜಿನ್ನಿನ ತಲೆಯ ಮೇಲೆ ಇಟ್ಟೆ.

"ಏ ತಮ್ಮಾ!"

ತಿರುಗಿ ನೋಡುವಷ್ಟರಲ್ಲಿ ಫಕ್ಕೀರಪ್ಪ ಒಳಗೆ ಬಂದಾಗಿತ್ತು. ಗ್ಲಾಸು ಎತ್ತಿ ನನ್ನ ಕೈಗೆ ತುರುಕಿದ.

"ಇಂಜಿನ್ ಮ್ಯಾಲೆ ಚಾ ಇಡತಾರೇನೋ? ನಿಮ್ಮ ಮನ್ಯಾಗ ಹಿಂಗ ಮಾಡತೀರೇನು? ಬುದ್ಧಿ ಐತಿಲ್ಲೋ ನಿನಗ?"

ಹೆಗಲ ಮೇಲಿನ ಟವೆಲ್ಲು ಎಳೆದು ಚಹಾದ ಕಲೆ ಒರೆಸಿದ. ಒರೆಸಿದ ಜಾಗ ಹಸಿರಾಗಿ ಹೊಳೆಯಿತು, ಅದರ ಸುತ್ತಲಿನ ಧೂಳು ಇನ್ನೂ ಎದ್ದು ಕಂಡಿತು. ಅವನು ಅದನ್ನು ಒಂದು ಗಳಿಗೆ ನೋಡಿದ. ಧೂಳಿನಲ್ಲಿ ಟವೆಲ್ಲು ಇನ್ನೊಂದಿಷ್ಟು ದೂರ ಹೋಯಿತು, ಆಮೇಲೆ ಇನ್ನೂ ಒಂದಿಷ್ಟು. ನನಗೆ ಕಣ್ಣು ತುಂಬಿ ಬಂತು. ಮೆಣಸಿನಕಾಯಿ ಘಾಟು ಎಂದುಕೊಳ್ಳಲಿ ಎಂದು ಒಮ್ಮೆ ಸುಳ್ಳೇ ಸೀನಿದೆ. ನೌಕರಿಯಲ್ಲಿ ಬಹಳ ಜನರಿಂದ ಬೈಸಿಕೊಂಡಿದ್ದೇನೆ, ಅಷ್ಟು ಸಂತೋಷ ಮತ್ತೆಂದೂ ಆಗಿಲ್ಲ.

ಫಕ್ಕೀರಪ್ಪ ಇಂಜಿನ್ನಿನ ಆಚೆ ಬದಿಗೆ ಹೋಗಿ, ಬಗ್ಗಿ, ಜಿಡ್ಡು ಕಟ್ಟಿದ ಪೈಪಿನ ಬುಡಕ್ಕೆ ಕೈ ಹಾಕಿದ. ತಲೆ ಎತ್ತದೆಯೇ ಇನ್ನೊಂದು ಕೈ ನನ್ನ ಕಡೆ ಚಾಚಿದ.

"ನಿಂತ ಏನ್ ನೋಡಾಕತ್ತೀದಿ? ಆ ಒರಸೂ ಅರಿವಿ ಕೊಡ ಇಲ್ಲಿ."

ಕೊಟ್ಟೆ.